ಗ್ರಹಣ ಬಿಟ್ಟ ಮರುದಿನದ ಒನಕೆ

2025 ಸೆಪ್ಟೆಂಬರ್ 8, ಸೋಮವಾರ
ಬದಿಯಡ್ಕ

ನಿನ್ನೆಯ ಚಂದ್ರಗ್ರಹಣಕ್ಕೆ ಮೋಡ ಅಡ್ಡ ಬಂತು. ಹನ್ನೊಂದು ಗಂಟೆಗೆ ಚಂದ್ರ ಪೂರ್ತಿ ನೆರಳಿನೊಳಗೆ ಹೋದ ಮೇಲೆ ತೆಂಗಿನ ಗರಿಗಳ ಸಂದಿಯಲ್ಲಿ ಎರಡು ಸಲ ತಾಮ್ರದ ಬಣ್ಣ ಕಂಡದ್ದಷ್ಟೇ ಲಾಭ. ದೊಡ್ಡಮ್ಮ ಅಂಗಳಕ್ಕೇ ಇಳಿಯಲಿಲ್ಲ. ಚಾವಡಿಯಲ್ಲಿ ಹರಿವಾಣಕ್ಕೆ ನೀರೆರೆದು ಅದರಲ್ಲಿ ಒನಕೆ ನಿಲ್ಲಿಸಿ, ಅದನ್ನೇ ನೋಡುತ್ತ ಕುಳಿತಿದ್ದರು. ಗ್ರಹಣದ ಶಕ್ತಿ ಇರುವಾಗ ಮಾತ್ರ ಒನಕೆ ಆಧಾರವಿಲ್ಲದೆ ನೆಟ್ಟಗೆ ನಿಲ್ಲುತ್ತದೆ ಎಂಬುದು ಅವರ ನಂಬಿಕೆ. 2019ರ ಡಿಸೆಂಬರ್ 26ರಂದು ಕಂಕಣ ಗ್ರಹಣ ನೋಡಲು ನಾನು ಚೆರುವತ್ತೂರಿಗೆ ಹೋಗಿದ್ದಾಗಲೂ ಮನೆಯಲ್ಲಿ ಇದೇ ಒನಕೆ ನಿಂತಿತ್ತಂತೆ.

ಇಂದು ಸಂಜೆ ಶಾಲೆಯಿಂದ ಬಂದವನೇ ಅದೇ ಹರಿವಾಣ, ಅದೇ ಒನಕೆ ತಂದೆ. ಕುಟ್ಟಿ ಕುಟ್ಟಿ ಸಮತಟ್ಟಾದ ಬುಡ, ಅದಕ್ಕೆ ಹಾಕಿದ ಕಬ್ಬಿಣದ ಬಳೆ. ನಾಲ್ಕನೆಯ ಪ್ರಯತ್ನಕ್ಕೆ ನಿಂತಿತು. ಭಾರ ಬುಡದ ನೇರಕ್ಕೆ ಬಿದ್ದರೆ ಯಾವ ದಿನವಾದರೂ ನಿಲ್ಲುತ್ತದೆ, ಗ್ರಹಣವಿಲ್ಲದ ದಿನ ಯಾರೂ ನಿಲ್ಲಿಸಿ ನೋಡುವುದಿಲ್ಲ, ಅಷ್ಟೇ ಎಂದೆ.

"ನಿನ್ನೆಯ ಶಕ್ತಿ ಇನ್ನೂ ಇಳಿಯಲಿಲ್ಲ ಮಗಾ" ಎಂದರು ದೊಡ್ಡಮ್ಮ.

ಸಿಟ್ಟೂ ಬಂತು, ನಗುವೂ ಬಂತು. ಆದರೆ ನಗುವ ಯೋಗ್ಯತೆ ನನಗಿದೆಯೇ? ನಾಲಿಗೆಯ ತುದಿಗೆ ಸಿಹಿ, ಹಿಂಭಾಗಕ್ಕೆ ಕಹಿ ಎಂದು ಕಪ್ಪುಹಲಗೆಯ ಮೇಲೆ ಚಿತ್ರ ಬಿಡಿಸಿ ಎಷ್ಟೋ ವರ್ಷ ತಪ್ಪು ಪಾಠ ಮಾಡಿದವನು ನಾನು. 1901ರಲ್ಲಿ ಜರ್ಮನಿಯ ವಿಜ್ಞಾನಿ ಹೆನಿಗ್ ಅಳೆದದ್ದು ನಾಲಿಗೆಯ ಬೇರೆ ಬೇರೆ ಕಡೆಗಳ ಸೂಕ್ಷ್ಮತೆಯಲ್ಲಿರುವ ಅಲ್ಪ ವ್ಯತ್ಯಾಸವನ್ನು. 1942ರಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವಿನ್ ಬೋರಿಂಗ್ ತಮ್ಮ ಪುಸ್ತಕದಲ್ಲಿ ಅದನ್ನು ರೇಖೆಗಿಳಿಸಿದ ರೀತಿಯಿಂದ, ಒಂದೊಂದು ರುಚಿಗೆ ಒಂದೊಂದೇ ಜಾಗ ಎಂಬ ಅರ್ಥ ಹಬ್ಬಿತು. ಅದನ್ನು ಓದಿ ತಿಳಿಯುವವರೆಗೂ ನಾನು ದಿನಾ ಗಂಜಿಯೂಟಕ್ಕೆ ಕುಳಿತು, ಮಿಡಿ ಉಪ್ಪಿನಕಾಯಿಯ ರಸವನ್ನು ಬೆರಳಿನಲ್ಲಿ ತೆಗೆದು ನಾಲಿಗೆಯ ತುದಿಗೇ ಮುಟ್ಟಿಸಿ, ಉಪ್ಪು ಹೆಚ್ಚಾಯಿತೆಂದು ದೂರುತ್ತಿದ್ದೆ. ನನ್ನ ನಾಲಿಗೆ ಹೇಳಿದ್ದು ನನ್ನ ಪಾಠಕ್ಕೆ ಒಂದು ದಿನವೂ ಕೇಳಿಸಲಿಲ್ಲ.

ಸೋಲೊಪ್ಪದೆ ಭೂಮಿಯ ನೆರಳಿನ ವಿಚಾರ ತೆಗೆದೆ. ಆರ್ಯಭಟ 499ರಲ್ಲಿಯೇ ಬರೆದಿಟ್ಟದ್ದು, ಪರದೇಶದವರದ್ದಲ್ಲ ಎಂದೂ ಸೇರಿಸಿದೆ. ದೊಡ್ಡಮ್ಮ ಎಲ್ಲವನ್ನೂ ಕೇಳಿ, ವೀಳ್ಯದೆಲೆಗೆ ಸುಣ್ಣ ಸವರುತ್ತ, "ಅದು ಸರಿ. ನಿನ್ನ ಆ ನೆರಳಿಗೆ ಚಂದ್ರನ ಮೇಲೆ ಎಂತ ದ್ವೇಷ?" ಎಂದು ಕೇಳಿದರು.

ಉತ್ತರವಿರಲಿಲ್ಲ. ಅವರ ರಾಹುವಿಗೆ ದ್ವೇಷವಿದೆ, ಅಮೃತದ ಪಂಕ್ತಿಯಲ್ಲಿ ಕದ್ದು ಕುಳಿತದ್ದನ್ನು ಸೂರ್ಯ ಚಂದ್ರರು ವಿಷ್ಣುವಿಗೆ ಹೇಳಿಕೊಟ್ಟ ಕಾರಣವಿದೆ. ಗ್ರಹಣ ಏಕೆ ಬಿಡುತ್ತದೆ ಎಂಬುದಕ್ಕೂ ಸಮಾಧಾನವಿದೆ: ತಲೆಯ ಕೆಳಗೆ ದೇಹವೇ ಇಲ್ಲದ ಕಾರಣ ನುಂಗಿದ ಚಂದ್ರ ಕತ್ತರಿಸಿದ ಕುತ್ತಿಗೆಯಿಂದ ಹೊರಬೀಳುತ್ತಾನೆ. ಇಷ್ಟು ಅಚ್ಚುಕಟ್ಟಾದ ಕಥೆಯ ಎದುರು ನನ್ನ ನೆರಳು ಯಾರ ಮೇಲೂ ಹಗೆಯಿಲ್ಲದೆ, ಸುಮ್ಮನೆ ಹಾದುಹೋಗುತ್ತದೆ. ಹಾಗೆ ಸುಮ್ಮನೆ ನಡೆಯುವುದನ್ನು ನೆನಪಿಟ್ಟುಕೊಳ್ಳುವುದು ಮನಸ್ಸಿಗೆ ಏಕೆ ಇಷ್ಟು ಕಷ್ಟವೋ.

ದೊಡ್ಡಮ್ಮನ ನಾಲ್ಕನೆಯ ತರಗತಿಯ ಮೊಮ್ಮಗಳು ಅಷ್ಟು ಹೊತ್ತೂ ಒನಕೆಯ ಪಕ್ಕದಲ್ಲೇ ಕುಳಿತಿದ್ದಳು. "ಮಾವ, ಬಾಯಿಯಿಂದ ಕುತ್ತಿಗೆಗೆ ಬರಲಿಕ್ಕೆ ಚಂದ್ರನಿಗೆ ಎಷ್ಟು ಹೊತ್ತು ಬೇಕು?" ಎಂದು ಕೇಳಿದಳು. ನಿನ್ನೆ 82 ನಿಮಿಷ ಬೇಕಾಯಿತು ಎಂದುಬಿಟ್ಟೆ.