ಮಾಂಸ ತಿನ್ನುವ ಡೈನೋಸಾರ್ ರಾಜಾಸಾರಸ್‌ನ ಬದುಕಿನ ಮಾದರಿ, 1:10 ಅಳತೆ: ಆರನೇ ವಾರದ ವರದಿ, ಕಲಬುರಗಿ

ತಳಕ್ಕೆ ಹಾಕಿದ್ದ ಎರೆಮಣ್ಣನ್ನು ಈ ವಾರ ಪೂರ್ತಿ ಕೆರೆದು ತೆಗೆಯಲಾಯಿತು. ಒಣಗಿದ ಎರೆ ಬಿರಿಯುತ್ತದೆ ಎಂದು ಈ ಭಾಗದಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಫೆವಿಕಾಲ್ ಬೆರೆಸಿದರೂ ಎರಡೇ ದಿನಕ್ಕೆ ಬಾಯಿಬಿಟ್ಟಿತು. ಅದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ನಮ್ಮ ಎರೆ ದಖನ್ ಲಾವಾದ ಕಲ್ಲು ಸವೆದು ಆದ ಮಣ್ಣು. ರಾಜಾಸಾರಸ್ ಮೂಳೆಗಳು ಸಿಕ್ಕ ಗುಜರಾತಿನ ರಹಿಯೋಲಿಯ ಲಮೇಟಾ ಎಂಬ ಕಲ್ಲಿನ ಪದರ ಇರುವುದು ಆ ಲಾವಾದ ಕೆಳಗೆ. ಅಂದರೆ ಪ್ರಾಣಿ ಮೊದಲು, ಎರೆ ಎಷ್ಟೋ ಆಮೇಲೆ.

ಈಗಿನ ಮಿಶ್ರಣ: ಬೀದರ್ ಕಡೆಯ ಕೆಂಪು ಮಣ್ಣು ಜರಡಿ ಹಿಡಿದದ್ದು 4 ಭಾಗ, ಮರಳು 2, ಫೆವಿಕಾಲ್ 1, ನೀರು 1. ಒಂದು ಪದರ 5 ಮಿ.ಮೀ. ಮೀರಬಾರದು, ಅದು ಒಣಗಿದ ಮೇಲೆ ಇನ್ನೊಂದು. ಲಮೇಟಾದ ಸುಣ್ಣದ ಗಂಟುಗಳಿಗೆ ಬಿಳಿ ಸಿಮೆಂಟಿನ ಹರಳು ಉದುರಿಸಿದೆ. (ಬೀದರಿನ ಕೆಂಪುಕಲ್ಲೂ ಲಾವಾದಿಂದಲೇ ಆದದ್ದು, ನಿಜ. ಇಲ್ಲಿ ಅದು ಬರೀ ಬಣ್ಣ.)

ಬುಡಕ್ಕೆ 2×3 ಅಡಿಯ, ಮುಕ್ಕಾಲು ಇಂಚು ದಪ್ಪದ ಶಹಾಬಾದ್ ಫರ್ಸಿ (ಹಾಸುಗಲ್ಲು). ತೂಕ 28 ಕಿಲೋ ಹತ್ತಿರ, ಎತ್ತಲು ಇಬ್ಬರು ಬೇಕು. ಕಾಲಿನ ಸರಳು ಕೂರಿಸಲು ತೂತು ಕೊರೆಯುವಾಗ ಡ್ರಿಲ್ಲಿನ ಹ್ಯಾಮರ್ ಬಂದ್ ಇರಲಿ, ನೀರು ಹನಿಸುತ್ತಿರಿ, ಅಂಚಿನಿಂದ 2 ಇಂಚು ಒಳಗೇ ಇರಿ. ಹ್ಯಾಮರ್ ಹಾಕಿದರೆ ಫರ್ಸಿ ಪದರಪದರವಾಗಿ ಏಳುತ್ತದೆ. ಮೊದಲ ಫರ್ಸಿ ಹೋದದ್ದು ಹಾಗೇ. ಫರ್ಸಿಯೊಳಗೇ ಡೈನೋಸಾರ್ ಸಿಗಬಹುದೇ ಎಂದು ಕೇಳುವವರಿದ್ದಾರೆ. ಸಿಗುವುದಿಲ್ಲ. ಭೀಮಾ ಪಾತ್ರದ ಈ ಸುಣ್ಣಕಲ್ಲು ಡೈನೋಸಾರ್‌ಗಳಿಗಿಂತ ಕೋಟ್ಯಂತರ ವರ್ಷ ಹಳೆಯದು.

ದೊಡ್ಡ ಪ್ರಾಣಿಯ ಅಂದಾಜು ಉದ್ದ 6.6 ಮೀಟರ್, ಆದ್ದರಿಂದ ಮಾದರಿ 66 ಸೆಂ.ಮೀ. ಬೆನ್ನಿಗೆ 3 ಮಿ.ಮೀ. ಜಿ.ಐ. ತಂತಿ, ಕಾಲಿಗೆ ಬೈಂಡಿಂಗ್ ತಂತಿ, ಮೇಲೆ ಪೇಪರ್ ಮತ್ತು ಮೈದಾ ಅಂಟು. ಜಿರಳೆ ಬರದಿರಲೆಂದು ಅಂಟಿಗೆ ಮೈಲುತುತ್ತು ಹಾಕಿದ್ದೇ ಎಡವಟ್ಟಾಯಿತು. ಮೈಲುತುತ್ತಿನಲ್ಲಿರುವುದು ತಾಮ್ರ. ಒದ್ದೆ ಅಂಟಿನಲ್ಲಿ ಅದು ಕಬ್ಬಿಣವನ್ನು ತಿಂದು ತಾನು ತಂತಿಯ ಮೇಲೆ ಕೂರುತ್ತದೆ. ನಾಲ್ಕನೇ ದಿನ ತೊಡೆಯ ಮೇಲೆ ಕಂದು ಕಲೆ ಎದ್ದಿತು, ಕೀಲಿನ ಹತ್ತಿರ ತಂತಿ ಒತ್ತಿದರೆ ಮುರಿಯುವಂತಾಗಿತ್ತು. ಈಗ ತಂತಿಗೆಲ್ಲ ಇನ್ಸುಲೇಶನ್ ಟೇಪ್ ಎರಡು ಸುತ್ತು, ಒಳಗಿನ ಪದರಗಳಿಗೆ ಬರೀ ಮೈದಾ; ಮೈಲುತುತ್ತು ಕಡೆಯ ಪದರಕ್ಕೆ ಮಾತ್ರ, ಅದೂ ಚಿಟಿಕೆ. ಮುಖಕ್ಕೆ ಎಂ-ಸೀಲ್. ನಮ್ಮ ಬೇಸಿಗೆಯಲ್ಲಿ ಅದು ಕೈಯಲ್ಲೇ ಗಟ್ಟಿಯಾಗುವುದರಿಂದ ಒಂದು ಸಲಕ್ಕೆ ಅಡಿಕೆ ಗಾತ್ರಕ್ಕಿಂತ ಹೆಚ್ಚು ಕಲಸಬೇಡಿ.

ನೆತ್ತಿಯ ಕೊಂಬು ಗೂಳಿಯ ಕೊಂಬಿನಂತಲ್ಲ, ಗಿಡ್ಡ ಗುಬುಟು ಅಷ್ಟೇ. ಎದುರಾಳಿಯನ್ನು ತಲೆಯಿಂದ ತಳ್ಳಲು ಬಳಕೆಯಾಗಿರಬಹುದು ಎಂದಿಟ್ಟುಕೊಂಡು ಬಣ್ಣ ಅಲ್ಲಿ ಮಾತ್ರ ಕೊಟ್ಟಿದೆ. ಮರಿಗಳಿಗೆ ಕೊಂಬಿಲ್ಲ, ಹನ್ನೆರಡು ವರ್ಷದ ಎಳೆಯ ಪ್ರಾಣಿಗೆ ಸಣ್ಣ ಉಬ್ಬು. ಇದು ಪೂರಾ ಊಹೆ. ಗರಿ ಬೇಡ, ಯಾಕೆಂದರೆ ಇದೇ ಬಳಗದ ಕಾರ್ನೋಟಾರಸ್ ಚರ್ಮದ ಅಚ್ಚಿನಲ್ಲಿ ಕಾಣುವುದು ಹುರುಪೆ.

ಜಗಳ ಹತ್ತಿದ್ದು ರಾಜಾಸಾರಸ್‌ಗಳನ್ನು ಗುಂಪಿನಲ್ಲಿ ನಿಲ್ಲಿಸುವುದೋ ಬಿಡಿಬಿಡಿಯಾಗಿಯೋ ಎಂಬಲ್ಲಿ. ಮೊದಲ ನಕ್ಷೆಯಲ್ಲಿ ತೋಳಗಳ ಹಾಗೆ ಐದು ಪ್ರಾಣಿ ಸೇರಿ ಬೇಟೆಯಾಡುತ್ತಿದ್ದವು. ಅದಕ್ಕೆ ಕೊಟ್ಟ ಸಾಕ್ಷಿ, ರಹಿಯೋಲಿಯಲ್ಲೇ ಸಿಕ್ಕ ಇನ್ನೊಂದು ಜಾತಿ ರಹಿಯೋಲಿಸಾರಸ್: ಒಂದೇ ಗುಂಡಿಯಲ್ಲಿ ಬಲಗಾಲಿನ ಅದೇ ಒಂದು ಮೂಳೆ ಏಳು ಸಲ, ಅಂದರೆ ಕನಿಷ್ಠ ಏಳು ಪ್ರಾಣಿ. ಆದರೆ ಒಟ್ಟಿಗೆ ಸಿಕ್ಕವು ಒಟ್ಟಿಗೆ ಬಾಳಿದವು ಎಂದೇನಲ್ಲ. ಹೊಳೆಯೂ ಹೆಣಗಳನ್ನು ಒಂದು ಕಡೆ ತಂದು ಹಾಕುತ್ತದೆ. ಬದಲಿಗೆ ಮಡಗಾಸ್ಕರಿನ ಹತ್ತಿರದ ನೆಂಟ ಮಜುಂಗಾಸಾರಸ್‌ನ ಮೂಳೆಗಳ ಮೇಲೆ ಅದೇ ಜಾತಿಯ ಹಲ್ಲಿನ ಗೀರುಗಳಿವೆ. ತಮ್ಮವರನ್ನೇ ತಿನ್ನುವವರ ನಡುವೆ ಮರಿ ಭುಜಕ್ಕೆ ಭುಜ ತಾಗಿಸಿ ನಿಲ್ಲಲಾರದು. ಹಾಗಾಗಿ ಮೊಸಳೆಗಳ ಲೆಕ್ಕ ಹಿಡಿಯಲಾಯಿತು: ಹೆಣವಿದ್ದರೆ ಸೇರುತ್ತವೆ, ದೊಡ್ಡದು ಮೊದಲು ತಿನ್ನುತ್ತದೆ, ಚಿಕ್ಕವು ದೂರ ನಿಂತು ಕಾಯುತ್ತವೆ. ಮಾದರಿಯಲ್ಲಿ ಈ ದೂರ ಕನಿಷ್ಠ 40 ಸೆಂ.ಮೀ. ಎರಡು ದೊಡ್ಡವು ಇಟ್ಟರೆ ಫರ್ಸಿ ಸಾಲದು, ಆದ್ದರಿಂದ ಒಂದೇ. ಹೆಣವೂ ಇಡಿಯಾಗಿ ಇಲ್ಲ, ಉದ್ದ ಕತ್ತಿನ ಸಸ್ಯಾಹಾರಿ ಡೈನೋಸಾರ್ ಸೌರೋಪಾಡ್‌ನ ಸೊಂಟ ಮತ್ತು ಒಂದು ಹಿಂಗಾಲು. ಸುತ್ತ ಉದುರಿದ ಹಲ್ಲುಗಳಿಗೆ ವಾರ್ನಿಷ್ ಹಚ್ಚಿದ ಅಕ್ಕಿನುಚ್ಚು: ಮಜುಂಗಾಸಾರಸ್‌ನಲ್ಲಿ ಒಂದೊಂದು ಹಲ್ಲೂ ಸುಮಾರು 56 ದಿನಕ್ಕೆ ಬದಲಾಗುತ್ತಿತ್ತು.

ವಯಸ್ಸಿನ ಲೆಕ್ಕವೂ ಆ ನೆಂಟನದ್ದೇ. ಅದರ ಮೂಳೆಯ ವರ್ಷದ ಗೆರೆಗಳ ಪ್ರಕಾರ ಪೂರಾ ಬೆಳೆಯಲು ಇಪ್ಪತ್ತು ವರ್ಷದ ಹತ್ತಿರ ಬೇಕಿತ್ತು. ಅಷ್ಟು ನಿಧಾನ ಬೆಳೆದರೆ ಮರಿಯ ಊಟ ಬೇರೆ, ತಾಯಿಯ ಊಟ ಬೇರೆ. ಮರಿಗಳನ್ನು ಹೆಣದಿಂದ ದೂರ, ಸೌರೋಪಾಡ್ ಗೂಡಿನ ಅಂಚಿಗೆ ಇಟ್ಟಿದೆ. ಆ ಮೊಟ್ಟೆಗಳು ಅಡ್ಡಕ್ಕೆ 15ರಿಂದ 17 ಸೆಂ.ಮೀ., ನಮ್ಮ ಅಳತೆಗೆ ಮಕ್ಕಳಾಡುವ 16 ಮಿ.ಮೀ. ಗೋಲಿ ಸರಿಯಾಗಿ ಕೂತಿತು. ಗೂಡಿನಲ್ಲಿ ಪ್ರತಿಸ್ಪರ್ಧಿಯೂ ಇದೆ: 3.5 ಮೀಟರಿನ ಸನಾಜೆ ಹಾವು, 35 ಸೆಂ.ಮೀ. ಸುತಲಿ ಹುರಿಯಲ್ಲಿ. ಗುಜರಾತಿನಲ್ಲಿ ಅದರ ಪಳೆಯುಳಿಕೆ ಸಿಕ್ಕದ್ದೂ ಮೊಟ್ಟೆಯ ಸುತ್ತ ಸುರುಳಿ ಹೊಡೆದೇ.

ಬಾಕಿ: ರಾಜಾಸಾರಸ್‌ನ ಕೈ ಸಿಕ್ಕೇ ಇಲ್ಲ, ಕಾರ್ನೋಟಾರಸ್ ನೋಡಿ 4 ಸೆಂ.ಮೀ. ಮೋಟುಗೈ ಮಾಡಬೇಕು. ಚೀಟಿಗಳಲ್ಲಿ ಮೂಳೆಯ ಆಧಾರವಿದ್ದದ್ದು ಕರಿ ಶಾಯಿಯಲ್ಲಿ, ಊಹೆ ಕೆಂಪಿನಲ್ಲಿ. ಸದ್ಯಕ್ಕೆ ಕೆಂಪೇ ಜಾಸ್ತಿ.