ಒಂದು ಮೊಟ್ಟೆ ಐದು ಸಿಗರೇಟಿಗೆ ಸಮವಂತೆ

ಮೂರು ತಿಂಗಳು ಅಮ್ಮನಿಗೆ ಮೊಟ್ಟೆ ಕೊಡಲಿಲ್ಲ. ಡಾಕ್ಟರ್ ಬೇಡ ಅಂದಿರಲಿಲ್ಲ, ಅಮ್ಮನೂ ಬೇಡ ಅಂದಿರಲಿಲ್ಲ. ನಾನು ಒಂದು ಡಾಕ್ಯುಮೆಂಟರಿ ನೋಡಿದ್ದೆ, ಅಷ್ಟೇ.

2017ರಲ್ಲಿ ಬಂದ 'ವಾಟ್ ದ ಹೆಲ್ತ್'. ದಿನಕ್ಕೊಂದು ಮೊಟ್ಟೆ ತಿನ್ನುವುದು ದಿನಕ್ಕೆ ಐದು ಸಿಗರೇಟು ಸೇದಿದಷ್ಟೇ ಕೆಟ್ಟದ್ದು ಅನ್ನುವ ಮಾತು ಅದರಲ್ಲಿ ಬರುತ್ತದೆ. ಸಿಗರೇಟು ಅಂತ ಕಿವಿಗೆ ಬಿದ್ದದ್ದೇ ತಡ, ನಾನು ಮುಂದೆ ಯೋಚನೆ ಮಾಡಲಿಲ್ಲ. ಅಮ್ಮನಿಗೆ ಎಪ್ಪತ್ತು ದಾಟಿದೆ, ಹಸಿವು ಕಡಿಮೆ. ಬೆಳಿಗ್ಗೆ ಇಷ್ಟಪಟ್ಟು ತಿನ್ನುತ್ತಿದ್ದದ್ದು ಒಂದೇ ಒಂದು ಬೇಯಿಸಿದ ಮೊಟ್ಟೆ. ಸಿಪ್ಪೆ ತಾನೇ ಸುಲಿಯಬೇಕು, ನಿಧಾನವಾಗಿ, ಚೂರುಗಳನ್ನೆಲ್ಲ ತಟ್ಟೆಯ ಅಂಚಿಗೆ ಗುಡ್ಡೆ ಮಾಡಿಕೊಂಡು. ನಿಲ್ಲಿಸಿದ ದಿನ "ಇವತ್ತು ಮೊಟ್ಟೆ ಇಲ್ವಾ?" ಅಂತ ಕೇಳಿದಳು. ಸಿಗರೇಟಿನ ವಿಷಯ ಹೇಳಿದೆ. "ಹೌದಾ, ಬಿಡು ಹಾಗಾದ್ರೆ" ಅಂದಳು. ಮತ್ತೆ ಕೇಳಲಿಲ್ಲ.

ಆಮೇಲೆ ಅವಳ ತೂಕ ಇಳಿಯಿತು. ಮೊಟ್ಟೆ ಬಿಟ್ಟದ್ದಕ್ಕೇ ಇಳಿಯಿತು ಅಂತ ನಾನು ಹೇಳುವುದಿಲ್ಲ, ಒಬ್ಬರ ಮೈಮೇಲೆ ಆದದ್ದನ್ನು ನೋಡಿ ಹಾಗೆ ಹೇಳಲು ಬರುವುದಿಲ್ಲ. ಆದರೆ ಡಾಕ್ಟರ್ "ಪ್ರೋಟೀನ್ ಅಂತ ಏನು ತಿಂತಾರೆ?" ಅಂತ ಕೇಳಿದಾಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಆ ರಾತ್ರಿ ಅದೇ ಸಿನಿಮಾ ಮತ್ತೆ ಹಾಕಿದೆ, ಈ ಸಲ ನಿಲ್ಲಿಸಿ ನಿಲ್ಲಿಸಿ, ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು.

ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಸಂಸ್ಕರಿಸಿದ ಮಾಂಸದ ಭಾಗ. ಸಾಸೇಜು, ಬೇಕನ್ ಇವನ್ನೆಲ್ಲ ವಿಶ್ವ ಆರೋಗ್ಯ ಸಂಸ್ಥೆ ತಂಬಾಕು, ಕಲ್ನಾರು (ಆಸ್ಬೆಸ್ಟಾಸ್) ಇರುವ ಗುಂಪಿಗೇ ಸೇರಿಸಿದೆ ಅನ್ನುತ್ತಾರೆ. ಅದು ನಿಜ. 2015ರ ಅಕ್ಟೋಬರ್‌ನಲ್ಲಿ ಆ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹಾಗೆ ಘೋಷಿಸಿತು. ಆದರೆ ಆ ಗುಂಪು ಹೇಳುವುದು ಇಷ್ಟೇ: ಇದರಿಂದ ಕ್ಯಾನ್ಸರ್ ಬರುತ್ತದೆ ಅನ್ನುವುದಕ್ಕೆ ಸಾಕ್ಷಿ ಗಟ್ಟಿಯಾಗಿದೆ ಅಂತ. ಎಷ್ಟು ಜನಕ್ಕೆ ಬರುತ್ತದೆ, ಎಷ್ಟು ತಿಂದರೆ ಬರುತ್ತದೆ ಅನ್ನುವುದು ಬೇರೆಯೇ ಲೆಕ್ಕ. ಆ ಲೆಕ್ಕವನ್ನೂ ಅದೇ ಸಂಸ್ಥೆ ಆಗಲೇ ಕೊಟ್ಟಿತ್ತು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 34,000 ಕ್ಯಾನ್ಸರ್ ಸಾವುಗಳಿಗೆ ಸಂಸ್ಕರಿಸಿದ ಮಾಂಸ ಜಾಸ್ತಿ ತಿನ್ನುವುದು ಕಾರಣ ಇರಬಹುದು ಅನ್ನುವ ಅಂದಾಜು ಒಂದು ಕಡೆ, ತಂಬಾಕಿನಿಂದ ಸುಮಾರು 10 ಲಕ್ಷ ಇನ್ನೊಂದು ಕಡೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಅರ್ಥವಾಗುತ್ತದೆ ಅಲ್ವಾ? ಅದಕ್ಕೇ ಅವನ್ನು ಪಕ್ಕಪಕ್ಕ ಇಡುವುದಿಲ್ಲ ಅಂತ ನನಗೆ ಅನಿಸುತ್ತದೆ.

ಇನ್ನು ಶೇಕಡ 18ರ ಮಾತು. ದಿನಾ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇಕಡ 18 ಹೆಚ್ಚು. ಕೇಳಿದ ತಕ್ಷಣ ನೂರರಲ್ಲಿ ಹದಿನೆಂಟು ಜನಕ್ಕೆ ಬರುತ್ತದೆ ಅನ್ನುವ ಹಾಗೆ ತಲೆಗೆ ಹೋಗುತ್ತದೆ, ನನಗೂ ಹಾಗೇ ಹೋಗಿತ್ತು. ಮೊದಲೇ ನೂರು ಜನರಲ್ಲಿ 5 ಜನಕ್ಕೆ ಜೀವಮಾನದಲ್ಲಿ ಆ ಕಾಯಿಲೆ ಬರುತ್ತದೆ ಅಂತ ಇಟ್ಟುಕೊಳ್ಳಿ. ಆ ಐದರ ಮೇಲೆ ಶೇಕಡ 18 ಅಂದರೆ ಹೆಚ್ಚುಕಡಿಮೆ 6. ನೂರರಲ್ಲಿ ಒಬ್ಬರು ಹೆಚ್ಚು. ಅದು ಸಣ್ಣ ವಿಷಯ ಅಂತಲ್ಲ, ಆ ಒಬ್ಬರ ಮನೆಯವರಿಗೆ ಅದೇ ಎಲ್ಲ. ಆದರೆ ಆ ಐದನ್ನು ಹೇಳದೆ ಬರೀ ಹದಿನೆಂಟನ್ನು ಹೇಳುವುದು ಸರಿಯಲ್ಲ.

ಮೊಟ್ಟೆಯ ವಿಷಯ? 2019ರಲ್ಲಿ 'ಜಾಮಾ' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಮೊಟ್ಟೆ ಜಾಸ್ತಿ ತಿಂದವರಲ್ಲಿ ಹೃದಯದ ಕಾಯಿಲೆ ಸ್ವಲ್ಪ ಹೆಚ್ಚು ಅಂದಿತು. 2020ರಲ್ಲಿ 'ಬಿಎಂಜೆ' ಅನ್ನುವ ಇನ್ನೊಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು ದಿನಕ್ಕೊಂದು ಮೊಟ್ಟೆಗೂ ಹೃದಯದ ಕಾಯಿಲೆಗೂ ಸಂಬಂಧ ಕಾಣಲಿಲ್ಲ ಅಂದಿತು. ಬಲ್ಲವರೇ ಇನ್ನೂ ವಾದ ಮಾಡುತ್ತಿರುವ ಜಾಗ ಇದು. ಐದು ಸಿಗರೇಟು ಎರಡರಲ್ಲೂ ಇಲ್ಲ.

ಆಮೇಲೆ ಬೇರೆ ಸಿನಿಮಾಗಳನ್ನೂ ಹೀಗೇ ನೋಡತೊಡಗಿದೆ. ಗಿಡಮೂಲದ ಊಟವೇ ಒಳ್ಳೆಯದು ಅನ್ನುವ 'ದ ಗೇಮ್ ಚೇಂಜರ್ಸ್' ಡಾಕ್ಯುಮೆಂಟರಿಯಲ್ಲಿ ಒಂದು ದೃಶ್ಯ ಇದೆ. ಅಮೆರಿಕನ್ ಫುಟ್‌ಬಾಲ್ ಆಡುವ ಮೂವರ ರಕ್ತ ತೆಗೆದು, ಊಟದ ನಂತರದ ಪ್ಲಾಸ್ಮಾವನ್ನು, ಅಂದರೆ ರಕ್ತಕಣ ಬೇರ್ಪಡಿಸಿದ ಮೇಲೆ ಉಳಿಯುವ ದ್ರವವನ್ನು, ಗಾಜಿನ ಕೊಳವೆಯಲ್ಲಿ ತೋರಿಸುತ್ತಾರೆ. ಮಾಂಸ ತಿಂದಾಗ ಕದಡಿದ ಹಾಗೆ ಮಬ್ಬು, ಗಿಡಮೂಲದ ಊಟವಾದರೆ ತಿಳಿ. ನೋಡಿದರೆ ಮೈ ಜುಮ್ ಅನ್ನುತ್ತದೆ. ಆದರೆ ಕೊಬ್ಬಿರುವ ಯಾವ ಊಟ ಮಾಡಿದರೂ ಕೆಲವು ಗಂಟೆ ಪ್ಲಾಸ್ಮಾ ಹಾಗೇ ಆಗುತ್ತದೆ. ಕರುಳು ಹೀರಿಕೊಂಡ ಕೊಬ್ಬು ಸಣ್ಣ ಸಣ್ಣ ಕಣಗಳಾಗಿ ರಕ್ತದಲ್ಲಿ ಸಾಗುತ್ತಿರುತ್ತದೆ, ಎಣ್ಣೆಯಲ್ಲಿ ಕರಿದ ತರಕಾರಿ ತಿಂದರೂ ಅಷ್ಟೇ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ ಅಂತ ಲ್ಯಾಬಿನವರು ಹೇಳುತ್ತಿದ್ದದ್ದಕ್ಕೆ ಇದೂ ಒಂದು ಕಾರಣ. ಎರಡು ಊಟದಲ್ಲಿ ಕೊಬ್ಬು ಎಷ್ಟೆಷ್ಟಿತ್ತು ಅನ್ನುವುದೇ ಮುಖ್ಯ ಪ್ರಶ್ನೆ. ಆ ಸಿನಿಮಾದ ಎಕ್ಸಿಕ್ಯುಟಿವ್ ಪ್ರೊಡ್ಯೂಸರ್‌ಗಳಲ್ಲಿ ಒಬ್ಬರಾದ, 'ಟೈಟಾನಿಕ್' ನಿರ್ದೇಶಕ ಜೇಮ್ಸ್ ಕ್ಯಾಮರಾನ್ ಬಟಾಣಿ ಪ್ರೋಟೀನ್ ಕಂಪನಿಯನ್ನೂ ಕಟ್ಟಿದ್ದವರು. ಅದರಿಂದ ಹೇಳಿದ್ದೆಲ್ಲ ಸುಳ್ಳಾಗುವುದಿಲ್ಲ, ಆದರೆ ನೋಡುವವರಿಗೆ ಗೊತ್ತಿರಬೇಕು.

2004ರ 'ಸೂಪರ್ ಸೈಜ್ ಮಿ' ನೆನಪಿದೆಯಾ? ಅದನ್ನು ಮಾಡಿದ ಮಾರ್ಗನ್ ಸ್ಪರ್ಲಾಕ್ 30 ದಿನ ಬರೀ ಮೆಕ್‌ಡೊನಾಲ್ಡ್ಸ್ ಊಟ ಮಾಡಿ ಸುಮಾರು 11 ಕಿಲೋ ದಪ್ಪಗಾದರು, ಅವರ ಲಿವರ್ ಹಾಳಾಗುತ್ತಿದೆ ಅಂತ ಡಾಕ್ಟರ್ ಗಾಬರಿಯಾದರು. 2017ರಲ್ಲಿ ಅವರೇ ಬರೆದುಕೊಂಡರು, 30 ವರ್ಷಗಳಿಂದ ಒಂದು ವಾರಕ್ಕಿಂತ ಹೆಚ್ಚು ಕುಡಿಯದೆ ಇದ್ದದ್ದೇ ಇಲ್ಲ ಅಂತ. ಲಿವರ್ ಬಗ್ಗೆ ಮಾತಾಡುವಾಗ ಹೇಳಲೇಬೇಕಾಗಿದ್ದ ವಿಷಯ ಅದು.

ಈ ಸಿನಿಮಾಗಳಲ್ಲಿ ಒಳ್ಳೆಯ ಮಾತೇ ಇಲ್ಲ ಅನ್ನುವುದಿಲ್ಲ. ತರಕಾರಿ, ಕಾಳು ಜಾಸ್ತಿ ತಿನ್ನಿ ಅನ್ನುವುದಕ್ಕೆ ಒಳ್ಳೆಯ ಆಧಾರ ಇದೆ, ಅದನ್ನು ಹೇಳಲು ಹೆದರಿಸಬೇಕಾಗಿಲ್ಲ. ಈಗ ನಾನು ಯಾವುದನ್ನು ನೋಡಿದರೂ ಎಷ್ಟು ಜನರ ಮೇಲೆ ನೋಡಿದ್ದು, ಎಷ್ಟು ದಿನ, ಯಾರ ಜೊತೆ ಹೋಲಿಸಿದ್ದು ಅಂತ ಬರೆದುಕೊಳ್ಳುತ್ತೇನೆ. ಎಷ್ಟೋ ಸಲ ಪುಟ ಖಾಲಿಯೇ ಉಳಿಯುತ್ತದೆ.

ಡಾಕ್ಟರನ್ನು ಕೇಳಿಕೊಂಡೇ ಮತ್ತೆ ಮೊಟ್ಟೆ ಶುರು ಮಾಡಿದೆ. ಮೊದಲ ದಿನ ತಟ್ಟೆ ಮುಂದಿಟ್ಟಾಗ ಅಮ್ಮ ಕೈ ಹಾಕಲಿಲ್ಲ. "ಸಿಗರೇಟು ಅಂದಿದ್ದೆಯಲ್ಲ?" ಅಂದಳು. "ನಾನು ಸರಿಯಾಗಿ ತಿಳಿದುಕೊಳ್ಳದೆ ಹೇಳಿಬಿಟ್ಟೆ ಅಮ್ಮಾ" ಅಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಮೊಟ್ಟೆಯನ್ನು ತಟ್ಟೆಯ ಅಂಚಿಗೆ ಮೆಲ್ಲಗೆ ಕುಟ್ಟಿದಳು.