ರಸ್ತೆಗೆ ಒಂದೇ ಗಂಟೆ ಚಳಿ ಆಗತ್ತಾ?

ಈ ವಾರ ಪೂರ್ತಿ ನನ್ನ ತಲೆ ತಿಂದಿದ್ದು ಒಂದೇ ಒಂದು ಪ್ರಶ್ನೆ. ಕೇಳಿದ್ದು ನಮ್ಮ ಡಾಂಬರು ಟೆಸ್ಟ್ ಮಾಡೋ ಲ್ಯಾಬ್‌ಗೆ ಹೊಸದಾಗಿ ಸೇರಿರೋ ಟ್ರೈನಿ ಹುಡುಗಿ, ಅದೂ ಸೀನಿಯರ್ ರಿಪೋರ್ಟ್‌ಗೆ ಸೈನ್ ಹಾಕ್ತಾ ಇರೋ ಹೊತ್ತಲ್ಲಿ. "ಸರ್, ರಸ್ತೆಗೆ ಒಂದೇ ಗಂಟೆ ಚಳಿ ಆಗತ್ತಾ?" ಅವರು ತಲೆ ಕೂಡ ಎತ್ತಲಿಲ್ಲ. "ಸ್ಟ್ಯಾಂಡರ್ಡ್‌ನಲ್ಲಿ ಒಂದು ಗಂಟೆ ಅಂತಿದೆ ಅಂದ್ಮೇಲೆ ಒಂದು ಗಂಟೆ" ಅಂದ್ರು, ಸೈನ್ ಆಯ್ತು, ಸೀಲ್ ಬಿತ್ತು, ಸಪ್ಲೈಯರ್ ಕಡೆಯವನು ರಿಪೋರ್ಟಿನ ಕೊನೇ ಸಾಲಿನ ಫೋಟೋ ಹೊಡ್ಕೊಂಡ. ಹುಡುಗಿ ಹೂಂ ಅಂದು ಗ್ಲೌಸ್ ಬಿಚ್ಚಿ ಹೋದ್ಲು. ನಡೆದಿದ್ದು ಇಷ್ಟೇ, ಆದ್ರೆ ನನಗೆ ಆಮೇಲಿಂದ ಬೇರೆ ಏನೂ ಕೇಳಿಸ್ತಾ ಇಲ್ಲ.

ಅವತ್ತು ಮುಗಿಸಿದ್ದು ಬಿಬಿಆರ್ ಟೆಸ್ಟ್, ಅಂದ್ರೆ ಬೆಂಡಿಂಗ್ ಬೀಮ್ ರಿಯೋಮೀಟರ್. ಚಳಿ ಜಾಸ್ತಿ ಇರೋ ಕಡೆ ಡಾಂಬರು ರಸ್ತೆ ಈ ಅಂಚಿಂದ ಆ ಅಂಚಿಗೆ ಅಡ್ಡಕ್ಕೆ ಸೀಳಿರತ್ತಲ್ಲ, ಸ್ಕೇಲ್ ಇಟ್ಟು ಗೆರೆ ಎಳೆದಂಗೆ, ಸ್ವಲ್ಪ ಸ್ವಲ್ಪ ದೂರಕ್ಕೆ ಒಂದೊಂದು, ಅದನ್ನ ಮೊದಲೇ ಹಿಡಿಯೋಕೆ ಇರೋ ಟೆಸ್ಟ್ ಇದು. ಚಳಿಗೆ ಎಲ್ಲಾನೂ ಕುಗ್ಗತ್ತೆ, ರಸ್ತೇನೂ ಕುಗ್ಗಬೇಕು, ಆದ್ರೆ ಕಿಲೋಮೀಟರ್‌ಗಟ್ಟಲೆ ನೆಲಕ್ಕೆ ಅಂಟ್ಕೊಂಡು ಬಿದ್ದಿರೋದು ಎಲ್ಲಿಗೆ ಅಂತ ಕುಗ್ಗತ್ತೆ, ಹಾಗಾಗಿ ಒಳಗೊಳಗೇ ಎಳೆತ ಕಟ್ಕೊಳತ್ತೆ. ಒಳ್ಳೆ ಬೈಂಡರ್ (ಜಲ್ಲೀನ ಅಂಟಿಸಿ ಹಿಡಿಯೋ ಡಾಂಬರು) ಆದ್ರೆ ಆ ಎಳೆತಾನ ಮೆಲ್ಲಗೆ ಹರಿದು ಸಡಿಲ ಮಾಡ್ಕೊಳತ್ತೆ, ಕೆಟ್ಟದ್ದಾದ್ರೆ ಬಿಗಿ ಹಿಡ್ಕೊಂಡು ಹಿಡ್ಕೊಂಡು ಒಂದಿನ ಪಟ್ ಅಂತ ಸೀಳತ್ತೆ. ಆಮೇಲೆ ನೀರು ಇಳಿಯತ್ತೆ, ಅಂಚು ಉದುರತ್ತೆ, ಜನ ಮಳೆಗೆ ಬೈತಾರೆ, ಇಲ್ಲಾ ಕಂಟ್ರಾಕ್ಟರ್‌ಗೆ ಬೈತಾರೆ.

ಟೆಸ್ಟ್ ನೋಡೋಕೆ ಏನೂ ದೊಡ್ಡದಲ್ಲ. ಬಿಸಿ ಬೈಂಡರ್‌ನ ಅಲ್ಯೂಮಿನಿಯಂ ಅಚ್ಚಿಗೆ ಸುರಿದು, ಆರಿಸಿ, ಮೇಲೆ ಉಬ್ಬಿದ್ದನ್ನ ಬಿಸಿ ಚಾಕುವಿಂದ ಸವರಿ ತೆಗೆದ್ರೆ 127 ಮಿಲಿಮೀಟರ್ ಉದ್ದ, 12.7 ಅಗಲ, 6 ಚಿಲ್ಲರೆ ದಪ್ಪದ ಒಂದು ಕರೀ ಪಟ್ಟಿ ಬರತ್ತೆ, ಅದೇ ಬೀಮ್. ಅದನ್ನ ಎಥನಾಲ್ ತುಂಬಿದ ತಣ್ಣನೆ ಬಾತ್‌ನಲ್ಲಿ ಒಂದು ಗಂಟೆ ಇಡ್ಬೇಕು, ಆ ಕಡೆ ಈ ಕಡೆ 5 ನಿಮಿಷ ಮಾತ್ರ ರಿಯಾಯಿತಿ. ಆಮೇಲೆ ಎರಡು ಆಸರೆಗಳ ಮೇಲೆ ಮಲಗಿಸಿ ಮಧ್ಯದಲ್ಲಿ 980 ಮಿಲಿನ್ಯೂಟನ್ ಭಾರ, ಹೆಚ್ಚುಕಮ್ಮಿ 100 ಗ್ರಾಂ ಅನ್ಕೊಳ್ಳಿ, 240 ಸೆಕೆಂಡ್ ಬಿಡ್ತೀವಿ. 60ನೇ ಸೆಕೆಂಡಲ್ಲಿ ಎರಡು ನಂಬರ್ ಓದ್ತೀವಿ, ಒಂದು ಎಸ್, ಎಷ್ಟು ಬಿರುಸಾಗಿದೆ ಅಂತ, ಅದು 300 ಮೆಗಾಪ್ಯಾಸ್ಕಲ್ ದಾಟಬಾರದು. ಇನ್ನೊಂದು ಎಂ, ಬಿರುಸು ಎಷ್ಟು ಬೇಗ ಸಡಿಲ ಆಗ್ತಿದೆ ಅಂತ, ಅದು 0.300ಕ್ಕಿಂತ ಕೆಳಗಿಳೀಬಾರದು. ಇದರಲ್ಲಿ ಇನ್ನೊಂದು ಚಮತ್ಕಾರನೂ ಇದೆ, ಮೈನಸ್ 28ಕ್ಕೆ ಗ್ಯಾರಂಟಿ ಕೊಡೋ ಬೈಂಡರ್‌ನ ಟೆಸ್ಟ್ ಮಾಡೋದು ಮೈನಸ್ 18ರಲ್ಲಿ. ಆ ಚಳೀಲಿ ಎರಡು ಗಂಟೆ ಭಾರ ಹೊತ್ತಾಗ ಇರೋ ಬಿರುಸು, 10 ಡಿಗ್ರಿ ಬೆಚ್ಚಗೆ ಇಟ್ರೆ 60 ಸೆಕೆಂಡಲ್ಲೇ ಕಾಣತ್ತೆ ಅನ್ನೋ ಲೆಕ್ಕ. ಟೈಮ್ ಉಳಿಸೋಕೆ ಮಾಡ್ಕೊಂಡಿದ್ದು.

ನಮ್ಮ ಸ್ಯಾಂಪಲ್ ಕಥೆ ಏನಂದ್ರೆ, ಎಸ್ 214, ಎಂ 0.302. ಎಸ್ ನೋಡಿದ್ರೆ ಹಾಲು ಕುಡಿದಷ್ಟು ಸಂತೋಷ ಆಗ್ಬೇಕು, ಮಿತಿಯಿಂದ ಎಷ್ಟೋ ದೂರ ಇದೆ. ಎಂ ನೋಡಿದ್ರೆ ಅಂಚಲ್ಲಿ ನೇತಾಡ್ತಿದೆ. ಎತ್ತು ಏರಿಗೆ ಕೋಣ ನೀರಿಗೆ ಅಂತಾರಲ್ಲ, ಹಂಗೆ. ಈ ತರ ಎಳೆದಾಡೋ ಬೈಂಡರ್ ಕಂಡ್ರೆ ನನಗೆ ಮೊದಲಿಂದ ಅನುಮಾನ. ಎರಡೂ ಮಿತಿ ಮುಟ್ಟೋ ತಾಪಮಾನಗಳ ವ್ಯತ್ಯಾಸಾನ ಡೆಲ್ಟಾ ಟಿಸಿ ಅಂತ ಲೆಕ್ಕ ಹಾಕ್ತೀವಿ, ಅದು ಮೈನಸ್ 5ಕ್ಕಿಂತ ಕೆಳಗೆ ಹೋದ್ರೆ ಬಿರುಕು ಬಿಡೋ ಜಾತಿ ಅಂತ ಈಗ ತುಂಬಾ ಜನ ಒಪ್ತಾರೆ. ಹಳೇ ಎಂಜಿನ್ ಆಯಿಲ್‌ನ ಶುದ್ಧ ಮಾಡಿದ ಮೇಲೆ ತಳದಲ್ಲಿ ಉಳಿಯೋ ಗಸಿ ಇರತ್ತಲ್ಲ, ಅದನ್ನ ಜಾಸ್ತಿ ಬೆರೆಸಿದ್ರೂ ಹೀಗೇ ಆಗತ್ತೆ, ಎಸ್ ಮೆತ್ತಗಾಗತ್ತೆ, ಎಂ ಕೈಕೊಡತ್ತೆ. ನಮ್ಮ ಸ್ಯಾಂಪಲ್‌ನಲ್ಲಿ ಅದಿತ್ತು ಅಂತ ನಾನು ಹೇಳ್ತಿಲ್ಲ. ಅದನ್ನ ನೋಡೋ ಟೆಸ್ಟೇ ಬೇರೆ, ಅದಕ್ಕೆ ಯಾರೂ ದುಡ್ಡು ಕಟ್ಟಿರ್ಲಿಲ್ಲ.

ಮತ್ತೆ ಅದೇ ಪ್ರಶ್ನೆಗೆ ಬರ್ತೀನಿ. ಒಂದೇ ಗಂಟೆ ಚಳಿ ಆಗತ್ತಾ? ಹುಡುಗಿ ಕುಚೋದ್ಯಕ್ಕೆ ಕೇಳಿದ್ದಲ್ಲ. ಹಿಂದಿನ ದಿನ ಅವಳಿಗೆ ನಾನೇ ಪಿಎವಿ ತೋರಿಸಿದ್ದೆ, ಪ್ರೆಶರ್ ಏಜಿಂಗ್ ವೆಸೆಲ್. ಮೊದಲು ಬೈಂಡರ್‌ನ ಬಾಟಲಿಗೆ ಹಾಕಿ 163 ಡಿಗ್ರಿ ಓವನ್‌ನಲ್ಲಿ 85 ನಿಮಿಷ ಉರುಳಿಸ್ತೀವಿ, ಅದು ಪ್ಲಾಂಟಲ್ಲಿ ಜಲ್ಲಿ ಜೊತೆ ಬೆರೆತು ರಸ್ತೆ ಮೇಲೆ ಹಾಸೋ ತನಕ ಆಗೋ ಮುಪ್ಪಿಗೆ ಸಮ. ಆಮೇಲೆ ಪಿಎವಿಲಿ 100 ಡಿಗ್ರಿ ಆಸುಪಾಸು ಇಟ್ಟು 2.1 ಮೆಗಾಪ್ಯಾಸ್ಕಲ್ ಗಾಳಿ ಒತ್ತಡ ಕೊಟ್ಟು 20 ಗಂಟೆ ಬಿಡ್ತೀವಿ, ಅಂದ್ರೆ ನಮ್ಮ ಸುತ್ತ ಇರೋ ಗಾಳಿಯ ಒತ್ತಡದ 20 ಪಟ್ಟು, ಆಮ್ಲಜನಕ ನುಗ್ಗಿ ನುಗ್ಗಿ ಬೈಂಡರ್‌ಗೆ ವರ್ಷಗಟ್ಟಲೆ ವಯಸ್ಸಾಗೋಗತ್ತೆ. ಅದನ್ನ ನೋಡಿ ಅವಳು ಬಾಯಿ ಬಿಟ್ಕೊಂಡು ನಿಂತಿದ್ಲು. ಮಾರನೇ ದಿನ ಅದೇ ಬೈಂಡರ್ ಒಂದು ಗಂಟೆ ತಣ್ಣಗೆ ಕೂತು ಎದ್ದು ಬಂದು ಪಾಸಾಗಿದ್ದು ಅವಳಿಗೆ ವಿಚಿತ್ರ ಅನ್ಸಿದೆ. ಮುಪ್ಪಿಗೆ ವರ್ಷಗಳ ಲೆಕ್ಕ, ಚಳಿಗೆ ಮಾತ್ರ ಒಂದು ಗಂಟೇನಾ ಅಂತ. ನ್ಯಾಯವಾದ ಪ್ರಶ್ನೆ ಅಲ್ವಾ? ಇಷ್ಟು ವರ್ಷ ಈ ಮಷೀನ್ ಮುಂದೆ ನಿಂತಿರೋ ನಾವ್ಯಾರೂ ಅದನ್ನ ಸೀನಿಯರ್ ಮುಂದೆ ಬಾಯಿ ಬಿಟ್ಟು ಕೇಳಿದವರಲ್ಲ.

ಚಳೀಲಿ ಜಾಸ್ತಿ ಹೊತ್ತು ಇಟ್ರೆ ಬೈಂಡರ್ ಇನ್ನೂ ಬಿರುಸಾಗತ್ತೆ ಅನ್ನೋದು ಹಿಂದಿನವರಿಗೆ ಗೊತ್ತಿರ್ಲಿಲ್ಲ ಅಂತೇನಿಲ್ಲ, ಸಿಟ್ಟು ಬರೋದೇ ಅಲ್ಲಿ. ಮೊದಲೆಲ್ಲ ಡಾಂಬರು ಅಂದ್ರೆ ಸೂಜಿ ಚುಚ್ಚಿ ನೋಡೋದು, 25 ಡಿಗ್ರೀಲಿ 100 ಗ್ರಾಂ ಭಾರ, 5 ಸೆಕೆಂಡ್, ಎಷ್ಟು ಇಳೀತು ಅಂತ, ಆಯ್ತು ಗ್ರೇಡು. ಬಿರುಕಿನ ಬಗ್ಗೆ ಅದು ಏನೂ ಹೇಳ್ತಿರ್ಲಿಲ್ಲ. 1987ರಲ್ಲಿ ಅಮೆರಿಕದವರು ಶಾರ್ಪ್ ಅಂತ ರಸ್ತೆ ಸಂಶೋಧನೆ ಶುರು ಮಾಡಿದ್ರು, 1993ರವರೆಗೆ ನಡೀತು, 15 ಕೋಟಿ ಡಾಲರ್ ಕಾರ್ಯಕ್ರಮ, ಅದರಲ್ಲಿ 5 ಕೋಟಿ ಡಾಂಬರಿಗೇ. ಬಿಬಿಆರ್, ಪಿಎವಿ ಎಲ್ಲ ಇವತ್ತು ಲ್ಯಾಬ್‌ನಲ್ಲಿ ಕೂತಿರೋದು ಅದರ ಪುಣ್ಯದಿಂದ. ಅದೇ ಹೊತ್ತಲ್ಲಿ ಅಲ್ಲಿನ ಪೆನ್ ಸ್ಟೇಟ್ ಯೂನಿವರ್ಸಿಟೀಲಿ ಹುಸೇನ್ ಬಹಿಯಾ, ಡೇವಿಡ್ ಆಂಡರ್ಸನ್ ಅನ್ನೋರು ಬೀಮ್‌ಗಳನ್ನ ಬಾತ್‌ನಲ್ಲಿ ಗಂಟೆಗಟ್ಟಲೆ, ದಿನಗಟ್ಟಲೆ ಬಿಟ್ಟು ನೋಡಿದ್ರು. ತಾಪಮಾನ ಒಂದು ಚೂರೂ ಬದಲಾಗಿಲ್ಲ, ಆದ್ರೂ ಬೈಂಡರ್ ಬಿರುಸಾಗ್ತಾನೇ ಹೋಯ್ತು. ಇದಕ್ಕೆ ಫಿಸಿಕಲ್ ಹಾರ್ಡನಿಂಗ್ ಅಂತಾರೆ. ಕೆಮಿಸ್ಟ್ರಿ ಏನೂ ಬದಲಾಗಿರಲ್ಲ, ತುಂಬಿದ ಬಸ್ಸಲ್ಲಿ ಜನ ಸರ್ಕೊಂಡು ಸರ್ಕೊಂಡು ಇನ್ನೂ ಒತ್ತಾಗಿ ನಿಲ್ತಾರಲ್ಲ, ಹಂಗೆ ಅಣುಗಳು ಮಧ್ಯ ಉಳಿದಿದ್ದ ಜಾಗ ಕಳ್ಕೊಂಡು ಒತ್ತೊತ್ತಾಗಿ ಕೂತ್ಕೊಳ್ತವೆ, ಮೇಣದಂಥ ಭಾಗ ಇದ್ರೆ ಅದು ಹರಳುಗಟ್ಟತ್ತೆ. ಕೆಲವು ಬೈಂಡರ್‌ಗೆ ಇದು ಲೆಕ್ಕಕ್ಕೇ ಬರಲ್ಲ, ಕೆಲವಕ್ಕೆ ಪ್ರಾಣಾಂತಿಕ.

ಹಂಗಾದ್ರೆ ಅಮೆರಿಕದ ಸ್ಪೆಸಿಫಿಕೇಶನ್‌ನಲ್ಲಿ ಇದನ್ನ ಏನು ಮಾಡಿದ್ರು? ಅಡಿಟಿಪ್ಪಣಿ ಮಾಡಿದ್ರು! 24 ಗಂಟೆ ಇಟ್ಟು ಅಳೀಬಹುದು, ಅಳೆದಿದ್ದನ್ನ ಮಾಹಿತಿಗಾಗಿ ಮಾತ್ರ ಬರೀಬೇಕು, ಪಾಸು ಫೇಲಿಗೂ ಅದಕ್ಕೂ ಸಂಬಂಧ ಇಲ್ಲ. ಪಾಸು ಫೇಲಿಗೆ ಲೆಕ್ಕ ಇಲ್ಲದ ನಂಬರ್‌ಗೆ ಯಾವ ಲ್ಯಾಬ್ ಬಾತ್ ಖಾಲಿ ಬಿಟ್ಕೊಂಡು ಕೂರತ್ತೆ ಹೇಳಿ.

ಅದಕ್ಕೇ ಅವತ್ತು ಸಂಜೆ ಡಬ್ಬೀಲಿ ಉಳಿದಿದ್ದ ಅದೇ ಬೈಂಡರ್‌ನಿಂದ ಇನ್ನೆರಡು ಬೀಮ್ ಮಾಡಿ ಬಾತ್‌ಗೆ ಇಳಿಸಿ ವಾರಾಂತ್ಯ ಪೂರ್ತಿ ಬಿಟ್ವಿ. ಐಡಿಯಾ ಅವಳದ್ದೇ, ನಾನು ಹೂಂ ಅಂದೆ ಅಷ್ಟೇ. ಸೀನಿಯರ್‌ಗೂ ಹೇಳಿದ್ವಿ, ಅವರು "ಎಥನಾಲ್ ಆರಿಹೋದ್ರೆ ನೀವೇ ತುಂಬಿಸ್ಬೇಕು" ಅಂದ್ರು, ಅದು ಅವರ ಭಾಷೇಲಿ ಪರ್ಮಿಷನ್. 72 ಗಂಟೆ ಆದ್ಮೇಲೆ ಅವಳು ಚಿಮ್ಮಟದಲ್ಲಿ ಬೀಮ್ ಎತ್ತಿ ಆಸರೆ ಮೇಲಿಟ್ಲು. ಸ್ಕ್ರೀನ್ ಮೇಲೆ ಗೆರೆ ಶುರು ಆದಾಗ್ಲೇ ಗೊತ್ತಾಯ್ತು, ಹಿಂದಿನ ಸಲದಷ್ಟು ಬಾಗ್ತಾನೇ ಇಲ್ಲ. ಎಸ್ 268, ಇನ್ನೂ ಮಿತಿ ಒಳಗೇ. ಎಂ 0.271. ಎರಡನೇ ಬೀಮೂ ಸುಮಾರು ಅಷ್ಟೇ. ಅವಳು ಏನೂ ಹೇಳ್ಲಿಲ್ಲ, ನಂಬರ್ ಬರ್ಕೊಂಡ್ಲು. ಸೀನಿಯರ್ ಬಂದು ನೋಡಿ ಕನ್ನಡಕ ತೆಗೆದು ಒರೆಸ್ಕೊಂಡು ಮತ್ತೆ ಹಾಕ್ಕೊಂಡು ನೋಡಿದ್ರು.

ಅವರ ಬಗ್ಗೆ ಒಂದು ಮಾತು ಹೇಳ್ಲೇಬೇಕು. ದಶಮಾಂಶದ ಮೂರನೇ ಸ್ಥಾನದಲ್ಲಿ ದೇವರಿದ್ದಾನೆ ಅಂತ ನಂಬಿರೋ ಮನುಷ್ಯ. 0.299 ಬಂದ್ರೆ ಯಾರು ಫೋನ್ ಮಾಡಿದ್ರೂ ಬಗ್ಗಲ್ಲ, ಅದನ್ನ ನಾನೇ ನೋಡಿದೀನಿ, ಆ ವಿಷಯಕ್ಕೆ ಗೌರವ ಇದೆ. ಆದ್ರೆ 0.302 ಬಂದ್ರೆ ಅದೇ ನಿಷ್ಠೆಯಿಂದ ಮರ್ತುಬಿಡ್ತಾರೆ. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು. ಸಪ್ಲೈಯರ್‌ಗಳಿಗೆ ಇದು ಚೆನ್ನಾಗಿ ಗೊತ್ತು, ಅವರಿಗೆ ಬೇಕಾಗಿರೋದೂ ಅಷ್ಟೇ, ಗೆರೆ ಯಾವ ಕಡೆ ಅಂತ. ಟೆಸ್ಟ್ ಒಂದು ಗಂಟೇದು ಅಂದ್ರೆ ಒಂದು ಗಂಟೆ ತಡ್ಕೊಳ್ಳೋ ಮಾಲು ತಯಾರಾಗತ್ತೆ. ಅದು ಕಳ್ಳತನ ಅಂತ ನಾನು ಅನ್ನಲ್ಲ. ಪ್ರಶ್ನೆಪತ್ರಿಕೆ ಹಂಗಿದೆ, ಓದಿರೋದು ಅಷ್ಟಕ್ಕೇ.

ಇನ್ನೊಂದು ಮಜಾ ಕೇಳಿ. ಅದೇ ಬೀಮ್‌ನ ಬೆಚ್ಚಗೆ ಮಾಡಿ ಕರಗಿಸಿದ್ರೆ ಚಳಿಗೆ ಬಂದಿದ್ದ ಬಿರುಸು ಪೂರ್ತಿ ಮಾಯ. ಗಾಳಿ ತಾಗಿ ಬರೋ ಮುಪ್ಪು ಹಂಗಲ್ಲ, ಅದು ಬೈಂಡರ್‌ನಲ್ಲೇ ಉಳಿಯತ್ತೆ, ಆಮೇಲೆ ಎಷ್ಟು ವರ್ಷ ಬಿಟ್ಟು ಹುಡುಕಿದ್ರೂ ಸಿಗತ್ತೆ. ಇದು ಮಾತ್ರ ಸಾಕ್ಷಿ ಬಿಡಲ್ಲ. ಚಳೀಲಿ ಸೀಳಿದ ರಸ್ತೆಯಿಂದ ಬೇಸಿಗೇಲಿ ಒಂದು ತುಂಡು ಕೊರೆದು ತೆಗೆದು ಬೈಂಡರ್ ಬಿಡಿಸಿ ಲ್ಯಾಬ್‌ಗೆ ತಂದು ಕೊಟ್ರೆ, ಒಂದು ಗಂಟೆ ಟೆಸ್ಟ್‌ನಲ್ಲಿ ಅದು ಮತ್ತೆ ಏನೂ ಅರಿಯದ ಹಂಗೆ ಕೂರತ್ತೆ. ಆಮೇಲೆ ಕಮಿಟಿ ಸೇರಿ ಬೈಂಡರ್ ಸರಿ ಇತ್ತು, ಹಾಕಿದ್ದು ಸರಿ ಇರ್ಲಿಲ್ಲ ಅಂತ ಬರೀತಾರೆ. ರೋಲರ್ ಓಡಿಸಿದವನ ತಲೆಗೆ ಬಂತು.

ಕೆನಡಾದ ಒಂಟಾರಿಯೋದವರು ಈ ಆಟ ಸಾಕು ಅಂದ್ರು. ಅಲ್ಲಿ ಕ್ವೀನ್ಸ್ ಯೂನಿವರ್ಸಿಟಿಯ ಸೈಮನ್ ಹೆಸ್ಪ್ ಅನ್ನೋರು ವರ್ಷಗಟ್ಟಲೆ ಇದರ ಹಿಂದೆ ಬಿದ್ದಿದ್ರು. ಟಿಮಿನ್ಸ್ ಹತ್ರ ಹೈವೇ 655ರಲ್ಲಿ ಬೇರೆ ಬೇರೆ ಬೈಂಡರ್ ಹಾಕಿ ಟ್ರಯಲ್ ಸೆಕ್ಷನ್ ಮಾಡಿ ನೋಡಿದ್ರೆ, ಪೇಪರ್ ಮೇಲೆ ಚಳಿ ತಡೆಯೋ ಗ್ರೇಡು ಎಲ್ಲಾದಕ್ಕೂ ಒಂದೇ, ರಸ್ತೆ ಮೇಲೆ ಬಿರುಕು ಮಾತ್ರ ಒಂದೊಂದರದ್ದು ಒಂದೊಂದು ತರ. ಆಮೇಲೆ ಆ ಪ್ರಾಂತ್ಯದವರು ಎಕ್ಸ್‌ಟೆಂಡೆಡ್ ಬಿಬಿಆರ್ ತಂದ್ರು, 1 ಗಂಟೆ, 24 ಗಂಟೆ, 72 ಗಂಟೆ ಇಟ್ಟು ಅಳೆದು, ಅಷ್ಟು ಹೊತ್ತು ಇಟ್ಟ ಮೇಲೆ ಗ್ರೇಡ್ ಎಷ್ಟು ಡಿಗ್ರಿ ಕುಸೀತು ಅಂತ ನೋಡೋದು. ಬರೀ ಮಾಹಿತಿಗೆ ಅಂತಲ್ಲ, ಮಾಲು ತಗೊಳ್ಳೋಕೇ ಷರತ್ತು. ಒಂದು ಗ್ರೇಡ್ ಮೆಟ್ಟಿಲು ಅಂದ್ರೇನೇ 6 ಡಿಗ್ರಿ, ಕೆಲವು ಬೈಂಡರ್ ಆ ಕಾಯೋ ಹೊತ್ತಲ್ಲೇ ಒಂದು ಮೆಟ್ಟಿಲು ಕೆಳಗೆ ಬಿದ್ದಿರ್ತಾವೆ. ಇದನ್ನ ಒಪ್ಪದೇ ಇರೋ ಎಂಜಿನಿಯರ್‌ಗಳೂ ಇದಾರೆ, ಜಲ್ಲಿ ಜೊತೆ ಬೆರೆತು ರಸ್ತೇಲಿ ಎಳೆತದಲ್ಲಿರೋ ಬೈಂಡರ್ ಬಾತ್‌ನಲ್ಲಿ ಸುಮ್ನೆ ಮಲಗಿರೋ ಬೀಮ್‌ನಷ್ಟು ಬಿರುಸಾಗಲ್ಲ ಅಂತ ಅವರ ವಾದ, ತಳ್ಳಿಹಾಕೋ ಮಾತಲ್ಲ. ಆದ್ರೆ ಅಷ್ಟು ಬಿರುಸಾಗಲ್ಲ ಅನ್ನೋದಕ್ಕೂ ಲೆಕ್ಕಕ್ಕೇ ತಗೋಬೇಡಿ ಅನ್ನೋದಕ್ಕೂ ತುಂಬಾ ದೂರ ಇದೆ.

ನಿಜವಾದ ಅಡ್ಡಿ ಬೇರೆ. ಟ್ಯಾಂಕರ್ ಕಾಯಲ್ಲ. ಬಿಸಿ ಬೈಂಡರ್ ಟ್ಯಾಂಕಲ್ಲಿ ನಿಂತಷ್ಟು ಹೊತ್ತು ಖರ್ಚು, ಪ್ಲಾಂಟ್ ನಿಂತ್ರೆ ಇನ್ನೂ ಖರ್ಚು. ಪಿಎವಿ 20 ಗಂಟೆ ಅಂದಾಗ್ಲೇ ಎಲ್ರೂ ಮುಖ ಸಿಂಡರಿಸ್ತಾರೆ, ಅದರ ಮೇಲೆ 72 ಗಂಟೆ ಅಂದ್ರೆ ರಿಪೋರ್ಟ್ ಬರೋ ಹೊತ್ತಿಗೆ ಆ ಮಾಲಿನ ಮೇಲೆ ಗಾಡಿಗಳು ಓಡಾಡ್ತಿರ್ತಾವೆ. ಈಗ ಮಾತ್ರ ಏನು, ಈಗ್ಲೂ ಎಷ್ಟೋ ಸಲ ಹಾಗೇ ಆಗೋದು. ನನಗೆ ಅನ್ಸೋದು ಇಷ್ಟು, ಬಿಸಿಲು ಗಾಳಿಯ ಮುಪ್ಪನ್ನ ಓವನ್ನು ಒತ್ತಡ ಕೊಟ್ಟು ಅವಸರ ಮಾಡಬಹುದು, ಅದಕ್ಕೆ ಮಷೀನ್ ಸಿಕ್ತು, ದುಡ್ಡು ಸಿಕ್ತು, ಎಲ್ರೂ ಒಪ್ಕೊಂಡ್ರು. ಚಳೀಲಿ ಕೂತು ಬಿರುಸಾಗೋದನ್ನ ಅವಸರ ಮಾಡೋ ಮಷೀನು ನಮ್ಮ ಲ್ಯಾಬ್‌ನಲ್ಲಿಲ್ಲ, ಕಾಯೋದೊಂದೇ ದಾರಿ, ಕಾಯೋಕೆ ಯಾರಿಗೂ ಪುರುಸೊತ್ತಿಲ್ಲ ಅಂತ ಅದು ಅಡಿಟಿಪ್ಪಣಿ ಆಯ್ತು. ರಸ್ತೆ ವಿಷಯ ಬಿಡಿ, ಬೇರೆ ಎಷ್ಟು ಕಡೆ ಬೇಗ ಮುಗಿಯಲ್ಲ ಅನ್ನೋ ಒಂದೇ ಕಾರಣಕ್ಕೆ ಅಳೆಯೋದನ್ನೇ ಬಿಟ್ಟಿದೀವೋ ಅಂತ ಈ ವಾರ ಯೋಚನೆ ಹತ್ತಿದೆ.

ಸೀನಿಯರ್ ಕೊನೆಗೆ 72 ಗಂಟೆಯ ನಂಬರ್‌ಗಳನ್ನ ಬೇರೆ ಹಾಳೇಲಿ ಟೈಪ್ ಮಾಡಿಸಿ, ಮೇಲೆ ಮಾಹಿತಿಗಾಗಿ ಮಾತ್ರ ಅಂತ ಹಾಕಿಸಿ, ಮೊದಲನೇ ರಿಪೋರ್ಟ್‌ನ ಹಿಂದೆ ಸೇರಿಸಿ ಕಳಿಸಿದ್ರು. ಅದನ್ನ ಮಾಡ್ತಾರೆ ಅಂತ ನಾನು ಅನ್ಕೊಂಡಿರ್ಲಿಲ್ಲ. ನಿನ್ನೆ ಸಪ್ಲೈಯರ್ ಕಡೆಯವನು ಫೋನ್ ಮಾಡಿ ಎರಡನೇ ಹಾಳೆ ಕೇಳಿರ್ಲಿಲ್ವಲ್ಲ, ಫೈಲಿಂದ ತೆಗೀತೀರಾ ಅಂದ. ಸ್ಟ್ಯಾಂಡರ್ಡ್‌ನಲ್ಲಿ ಅದನ್ನ ಬರೀಬಹುದು ಅಂತಿದೆ ಕಣಪ್ಪಾ, ಬರೆದಿದೀವಿ ಅಂತ ಸೀನಿಯರ್ ಹೇಳಿ ಫೋನ್ ಇಟ್ಬಿಟ್ರು. ಇವತ್ತು ಬೇರೆ ಕಡೆಯ ಸ್ಯಾಂಪಲ್ ಪಿಎವಿಲಿದೆ, ಹುಡುಗಿ ಆಗ್ಲೇ ಎರಡು ಅಚ್ಚು ಜಾಸ್ತಿ ಒರೆಸಿಟ್ಟಿದ್ದಾಳೆ.